ನಾಯಿ ಹಗೆ ಸಾಧಿಸುತ್ತದೆಯೇ? ಒದ್ದೆ ಹಾಸಿಗೆ, ಕಚ್ಚಿದ ಚಪ್ಪಲಿಯ ಹಿಂದಿನ ಕಥೆ

ಸಂಜೆ ಬಾಗಿಲು ತೆಗೆದು ಒಳಗೆ ಬರುತ್ತೀರಿ. ಹಾಸಿಗೆ ಒದ್ದೆ. ಅದೂ ನೀವು ಮಲಗುವ ಕಡೆಯೇ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ನಾಯಿಯನ್ನು ಗದರಿದ್ದು ನೆನಪಾಗುತ್ತದೆ. ಇಷ್ಟು ದೊಡ್ಡ ಮನೆಯಲ್ಲಿ ಇದಕ್ಕೆ ಬೇರೆ ಜಾಗವೇ ಸಿಗಲಿಲ್ವಾ? ಬೈದಿದ್ದಕ್ಕೆ ಸೇಡು ತೀರಿಸಿಕೊಂಡಿದೆ ಅನ್ನಿಸುತ್ತದೆ. ತಿರುಗಿ ನೋಡಿದರೆ ನಾಯಿ ಮೂಲೆ ಹಿಡಿದು ಕೂತಿದೆ. ಕಿವಿ ಹಿಂದಕ್ಕೆ, ಬಾಲ ಒಳಕ್ಕೆ, ಕಣ್ಣು ಎಲ್ಲೋ. ತಪ್ಪು ಮಾಡಿದ್ದು ಅದಕ್ಕೇ ಗೊತ್ತಿದೆ, ಇನ್ನೇನು ಸಾಕ್ಷಿ ಬೇಕು?

ನಾಯಿ ಸಾಕಿದ ಮನೆಗಳಲ್ಲಿ ಇಂಥ ಒಂದು ಸಂಜೆ ಬಂದೇ ಬರುತ್ತದೆ. ನಮ್ಮ ಮನೆಯಲ್ಲೂ ಬಂದಿತ್ತು. ಹಾಸಿಗೆ ಉಳಿದಿತ್ತು, ಚಪ್ಪಲಿ ಹೋಗಿತ್ತು. "ಬೇಕಂತಲೇ ಮಾಡಿದ್ದಾನೆ" ಎಂದು ನಾನೂ ಅಂದೆ. ಈ ಒಂದು ಮಾತಿನಿಂದ ಎಷ್ಟೋ ನಾಯಿಗಳು ಏಟು ತಿನ್ನುತ್ತವೆ, ಇಡೀ ದಿನ ಕಟ್ಟಿಹಾಕಿಸಿಕೊಳ್ಳುತ್ತವೆ, ಕೊನೆಗೆ ಮನೆಯನ್ನೇ ಕಳೆದುಕೊಳ್ಳುತ್ತವೆ. ಹಾಗಾಗಿ ಆ ಮಾತು ನಿಜವೋ ಅಲ್ಲವೋ ಎಂದು ನಿಧಾನವಾಗಿ ನೋಡುವುದು ಒಳ್ಳೆಯದು.

ಚಿಕ್ಕದಾಗಿ ಹೇಳುವುದಾದರೆ ಹೀಗೆ: ನಾಯಿಗೆ ನೆನಪಿದೆ, ಭಯವಿದೆ, ಬೇಜಾರಿದೆ. ಒಬ್ಬರನ್ನು ಕಂಡರೆ ಆಗದಿರುವುದೂ ಇದೆ. ಆದರೆ "ಸಂಜೆ ಬರಲಿ, ತೋರಿಸುತ್ತೇನೆ" ಎಂದು ಲೆಕ್ಕ ಹಾಕಿ ಕೂತಿರುತ್ತದೆ ಎನ್ನುವುದಕ್ಕೆ ಸಂಶೋಧಕರಿಗೆ ಆಧಾರ ಸಿಕ್ಕಿಲ್ಲ. ಉದ್ದದ ಉತ್ತರ ಇದಕ್ಕಿಂತ ಸ್ವಾರಸ್ಯವಾಗಿದೆ.

ಮುನಿಸು, ಹಗೆ, ಸೇಡು

ಮಾತಿನಲ್ಲಿ ನಾವು ಇವನ್ನೆಲ್ಲ ಒಂದರಲ್ಲೊಂದು ಕಲಸಿಬಿಡುತ್ತೇವೆ. ಬಿಡಿಸಿಟ್ಟರೆ ಅರ್ಧ ಗೊಂದಲ ಅಲ್ಲೇ ತಿಳಿಯಾಗುತ್ತದೆ.

ಮುನಿಸು ಆ ಹೊತ್ತಿನ ಬೇಜಾರು. ಕಾರಣ ಹೋದರೆ ಅದೂ ಹೋಗುತ್ತದೆ. ಹಗೆ ಹಾಗಲ್ಲ. ಒಬ್ಬರು ಮಾಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಅವರ ಮೇಲಿನ ಕೋಪ ಆರದಂತೆ ಕಾಪಾಡಿಕೊಂಡು ಬರಬೇಕು. ಸೇಡು ಇನ್ನೂ ಒಂದು ಹೆಜ್ಜೆ ಮುಂದೆ: ಆ ಕೋಪದ ಲೆಕ್ಕ ಚುಕ್ತಾ ಮಾಡಲು ಏನನ್ನಾದರೂ ಮಾಡುವುದು. ಇವೆಲ್ಲಕ್ಕಿಂತ ಬೇರೆಯಾದದ್ದು ಸುಮ್ಮಸುಮ್ಮನೆ ಬಗೆಯುವ ಕೇಡು. ಎದುರಿನವರು ನಮಗೇನೂ ಮಾಡಿಲ್ಲ, ನಮಗೆ ಲಾಭವೂ ಇಲ್ಲ, ಆದರೂ ಅವರಿಗೆ ಒಳ್ಳೆಯದಾಗಬಾರದು ಎನ್ನುವ ಬುದ್ಧಿ.

ಈಗ ಒದ್ದೆ ಹಾಸಿಗೆಗೆ ಬರೋಣ. ಅದು ನಿಜವಾಗಿ ಸೇಡೇ ಆಗಿದ್ದರೆ ನಾಯಿಯ ತಲೆಯಲ್ಲಿ ಏನೇನು ನಡೆದಿರಬೇಕು? ಬೆಳಿಗ್ಗೆ ಬೈದಿದ್ದು ಅನ್ಯಾಯ ಎಂದು ಅದಕ್ಕೆ ಅನ್ನಿಸಬೇಕು. ಆ ಕೋಪವನ್ನು ಇಡೀ ದಿನ ಹಿಡಿದಿಟ್ಟುಕೊಳ್ಳಬೇಕು. ನಿಮಗೆ ಯಾವುದರಿಂದ ನೋವಾಗುತ್ತದೆ ಎಂದು ಹುಡುಕಬೇಕು. ಹಾಸಿಗೆ ಒದ್ದೆಯಾದರೆ ನಿಮಗೆ ಅಸಹ್ಯವಾಗುತ್ತದೆ ಎಂದು ಗೊತ್ತಿರಬೇಕು. ಈಗ ಮಾಡಿದ್ದನ್ನು ನೀವು ಇನ್ನೂ ನಾಲ್ಕೈದು ಗಂಟೆ ಬಿಟ್ಟು ಬಂದು ನೋಡುತ್ತೀರಿ, ನೋಡಿ ಸಂಕಟಪಡುತ್ತೀರಿ ಎಂದು ಊಹಿಸಿಕೊಳ್ಳಬೇಕು.

ಇದರಲ್ಲಿ ಎಡವುವ ಜಾಗ ಒಂದಿದೆ. ಮೂತ್ರ ಗಲೀಜು ಎನ್ನುವುದು ನಮ್ಮ ಭಾವನೆ. ನಾಯಿಗೆ ಅದು ಗಲೀಜಲ್ಲ. ಇನ್ನೊಂದು ನಾಯಿಯ ಮೂತ್ರ ಸಿಕ್ಕರೆ ಮೂಗಿಟ್ಟು ನಿಲ್ಲುತ್ತದೆ: ಯಾರು ಬಂದಿದ್ದರು, ಗಂಡೋ ಹೆಣ್ಣೋ, ಎಷ್ಟು ಹೊತ್ತಾಯಿತು ಎಲ್ಲವನ್ನೂ ಅದರಲ್ಲಿ ಓದುತ್ತದೆ. ತನಗೆ ಇಷ್ಟು ಸ್ವಾರಸ್ಯವಾದ ವಸ್ತುವಿನಿಂದ ನಿಮಗೆ ಅವಮಾನ ಮಾಡಬಹುದು ಎಂದು ಅದಕ್ಕೆ ಹೊಳೆಯುವುದಾದರೂ ಹೇಗೆ?

ಸೇಡು ಮನುಷ್ಯರಿಗೆ ಮಾತ್ರ ಸೇರಿದ್ದು ಎಂದೇನಿಲ್ಲ. 2007ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಚಿಂಪಾಂಜಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಚಿಂಪಾಂಜಿಯ ಮುಂದಿದ್ದ ಆಹಾರವನ್ನು ಇನ್ನೊಂದು ಎಳೆದುಕೊಂಡಾಗ, ಕಳೆದುಕೊಂಡದ್ದು ಹಗ್ಗ ಎಳೆದು ಮೇಜನ್ನೇ ಕೆಡವುತ್ತಿತ್ತು. ತನಗೆ ಆಹಾರ ವಾಪಸ್ ಸಿಗದಿದ್ದರೂ ಕದ್ದವನಿಗೂ ಸಿಗಬಾರದು. ಆದರೆ ಅದೇ ಆಹಾರವನ್ನು ಮನುಷ್ಯರು ತೆಗೆದು ಇನ್ನೊಂದರ ಮುಂದಿಟ್ಟರೆ ಹಾಗೆ ಕೆಡವುವುದು ಹೆಚ್ಚಲಿಲ್ಲ. ಅಂದರೆ ಚಿಂಪಾಂಜಿಯಲ್ಲಿ ಸೇಡು ಕಂಡಿತು, ಸುಮ್ಮನೆ ಕೇಡು ಬಗೆಯುವುದು ಕಾಣಲಿಲ್ಲ. ನಮ್ಮ ಇಷ್ಟು ಹತ್ತಿರದ ಪ್ರಾಣಿಯಲ್ಲೇ ಈ ಎರಡು ಬೇರೆ ಬೇರೆ ನಿಂತಿರುವಾಗ, ನಾಯಿ ಹಾಳು ಮಾಡಿದ ಪ್ರತಿಯೊಂದಕ್ಕೂ "ಬೇಕಂತಲೇ" ಎಂದು ಹೆಸರಿಡುವ ಮುಂಚೆ ಸ್ವಲ್ಪ ತಡೆಯಬೇಕು.

ನಾಯಿಗೆ ಎಷ್ಟು ನೆನಪಿರುತ್ತದೆ?

ನೆನಪಿನಲ್ಲಿ ಎರಡು ಬಗೆ. ಒಂದು, ನಡೆದದ್ದನ್ನು ನಡೆದ ಹಾಗೆ ನೆನಪಿಟ್ಟುಕೊಳ್ಳುವುದು: ನಿನ್ನೆ ಏನಾಯಿತು, ಎಲ್ಲಿ, ಯಾರಿದ್ದರು. ಇನ್ನೊಂದು, ಘಟನೆ ಮರೆತರೂ ಉಳಿದುಬಿಡುವ ನೆನಪು. ಈ ವಾಸನೆ ಬಂದರೆ ಹೆದರಿಕೆ, ಆ ಸದ್ದು ಕೇಳಿದರೆ ಖುಷಿ.

ಮೊದಲನೆಯದು ನಾಯಿಗೆ ಇದೆಯೇ ಎಂದು ಹಂಗೇರಿಯಲ್ಲಿ ಪರೀಕ್ಷಿಸಿದರು. ಕ್ಲೌಡಿಯಾ ಫುಗಾಝಾ ಮತ್ತು ಜೊತೆಗಾರರ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 17 ನಾಯಿಗಳಿಗೆ ಮೊದಲು "ನಾನು ಮಾಡಿದ ಹಾಗೆ ಮಾಡು" ಎಂಬ ಆಟ ಕಲಿಸಿದರು. ಆಮೇಲೆ, ಯಜಮಾನರು ಏನೇ ಮಾಡಿದರೂ ಸುಮ್ನೆ ಮಲಗಬೇಕು ಎಂದು ಅಭ್ಯಾಸ ಮಾಡಿಸಿದರು. ಇದರಿಂದ ನಾಯಿಗಳು ಮುಂದೆ ಪರೀಕ್ಷೆ ಇದೆ ಎಂದು ನಿರೀಕ್ಷಿಸುವುದನ್ನೇ ಬಿಟ್ಟವು. ಹೀಗಿರುವಾಗ ಒಂದು ದಿನ ಯಜಮಾನರು ಕೊಡೆಯನ್ನೋ ಕುರ್ಚಿಯನ್ನೋ ಮುಟ್ಟುವಂಥ ಏನೋ ಒಂದನ್ನು ಮಾಡಿ, ಸ್ವಲ್ಪ ಹೊತ್ತು ಬಿಟ್ಟು "ಮಾಡು" ಎಂದರು. ಒಂದು ನಿಮಿಷದ ನಂತರ ಅರ್ಧಕ್ಕಿಂತ ಹೆಚ್ಚು ನಾಯಿಗಳು ಸರಿಯಾಗಿ ಮಾಡಿ ತೋರಿಸಿದವು. ಒಂದು ಗಂಟೆಯ ನಂತರ ಮಾಡಿದವು ಸುಮಾರು ಮೂರರಲ್ಲಿ ಒಂದು ಭಾಗ. ಅಂದರೆ ಗಮನವಿಟ್ಟು ನೋಡದ ಸಂಗತಿಯೂ ನಾಯಿಗೆ ನೆನಪಿರುತ್ತದೆ, ಆದರೆ ಬೇಗ ಮಾಸುತ್ತಾ ಹೋಗುತ್ತದೆ.

ಎರಡನೆಯ ಬಗೆಯ ನೆನಪು ಅಷ್ಟು ಸುಲಭವಾಗಿ ಮಾಸುವುದಿಲ್ಲ. ಇದಕ್ಕೆ ತೆನಾಲಿ ರಾಮನ ಬೆಕ್ಕಿನ ಕಥೆಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಬಿಸಿ ಹಾಲಿಗೆ ಬಾಯಿಟ್ಟು ನಾಲಿಗೆ ಸುಟ್ಟುಕೊಂಡ ಆ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಡುತ್ತಿತ್ತು. ಅದಕ್ಕೆ ಹಾಲಿನ ಮೇಲೆ ಹಗೆಯೇ? ಹಾಲು ಎಂದರೆ ನೋವು ಎಂದು ಮೈಗೆ ಗೊತ್ತಾಗಿಬಿಟ್ಟಿದೆ, ಅಷ್ಟೇ.

ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಗಳ ಬಗ್ಗೆ ಶಾಲೆಯಲ್ಲಿ ಓದಿದ ಪಾವ್ಲೋವ್ ನೆನಪಿದ್ದಾರಲ್ವಾ? ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ವಿಜ್ಞಾನಿ. ಆಹಾರದ ಜೊತೆ ಒಂದು ಸದ್ದು ಮತ್ತೆ ಮತ್ತೆ ಬಂದರೆ, ಆಮೇಲೆ ಬರೀ ಸದ್ದಿಗೇ ಬಾಯಲ್ಲಿ ನೀರೂರುತ್ತದೆ ಎಂದು ಅವರು ತೋರಿಸಿದರು. ಭಯವೂ ಇದೇ ದಾರಿಯಲ್ಲಿ ಅಂಟಿಕೊಳ್ಳುತ್ತದೆ, ಇನ್ನೂ ಬೇಗ. ಜೋರು ನೋವಾಗಿದ್ದರೆ ಒಂದೇ ಸಲ ಸಾಕು. ಕೋಲು ಹಿಡಿದವರೊಬ್ಬರು ಹೊಡೆದರೆ ಅಲ್ಲಿಂದ ಮುಂದೆ ಕೊಡೆ ಹಿಡಿದವರನ್ನು ಕಂಡರೂ ನಡುಗಬಹುದು. ಹೊಡೆದವರು ಯಾರು ಎನ್ನುವುದಕ್ಕಿಂತ ಕೈಯಲ್ಲಿ ಉದ್ದನೆಯದು ಏನೋ ಇತ್ತು ಎನ್ನುವುದೇ ಅದರ ಮೈಯಲ್ಲಿ ಉಳಿದಿರುತ್ತದೆ.

ಒಬ್ಬರನ್ನು ಕಂಡರೆ ನಾಯಿ ಗುರುಗುಟ್ಟುತ್ತದೆ, ವರ್ಷ ಕಳೆದರೂ ಬಿಡುವುದಿಲ್ಲ ಎಂದು ಜನ ಹೇಳುವ ಮಾತು ಸುಳ್ಳಲ್ಲ. ಆದರೆ ಅಲ್ಲಿ ಕೆಲಸ ಮಾಡುತ್ತಿರುವುದು ಭಯ. "ಹತ್ತಿರ ಬರಬೇಡ" ಎನ್ನುವುದೇ ಆ ಗುರುಗುಟ್ಟಿನ ಅರ್ಥ. ಹಗೆ ಇರುವವರು ಎದುರಾಳಿಯನ್ನು ಹುಡುಕಿಕೊಂಡು ಹೋಗುತ್ತಾರೆ, ಹೆದರಿದ ನಾಯಿ ದೂರ ಹೋಗಲು ನೋಡುತ್ತದೆ. ದಾರಿ ಕಟ್ಟಿದಾಗ ಕಚ್ಚುತ್ತದೆ.

ಆ "ತಪ್ಪಿತಸ್ಥ ಮುಖ"

ಸೇಡಿನ ವಾದಕ್ಕೆ ಬಲ ಕೊಡುವುದು ನಾಯಿಯ ಮುಖ. ತಪ್ಪು ಮಾಡಿಲ್ಲದಿದ್ದರೆ ಅಷ್ಟು ಕುಗ್ಗಿ ಯಾಕೆ ಕೂರುತ್ತದೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದೆ.

1977ರಲ್ಲಿ ಪೀಟರ್ ವಾಲ್ಮರ್ ಎಂಬವರು ಒಂದು ನಾಯಿಯ ಬಗ್ಗೆ ಬರೆದರು. ಯಾರೂ ಇಲ್ಲದಾಗ ಅದು ಕಾಗದ ಹರಿದು ಚೆಲ್ಲಾಡುತ್ತಿತ್ತು, ಯಜಮಾನರು ಬಂದಾಗ ತಪ್ಪು ಮಾಡಿದವರ ಹಾಗೆ ಮುದುಡಿ ಕೂರುತ್ತಿತ್ತು. ಪರೀಕ್ಷೆಗೆಂದು ಒಂದು ದಿನ ಯಜಮಾನರೇ ಕಾಗದ ಹರಿದು ನೆಲದ ಮೇಲೆ ಹರಡಿ ಹೊರಗೆ ಹೋದರು. ವಾಪಸ್ ಬಂದಾಗ ನಾಯಿ ಹಾಗೆಯೇ ಮುದುಡಿ ಕೂತಿತ್ತು. ಅದಕ್ಕೆ ಗೊತ್ತಿದ್ದದ್ದು ಇಷ್ಟು: ನೆಲದ ಮೇಲೆ ಕಾಗದವೂ ಇದ್ದು ಯಜಮಾನರೂ ಬಂದರೆ ತನಗೆ ಗ್ರಹಚಾರ. ಹರಿದವರು ಯಾರು ಎನ್ನುವುದು ಲೆಕ್ಕಕ್ಕೇ ಇಲ್ಲ.

ಇದನ್ನು ಸರಿಯಾಗಿ ಅಳೆದವರು ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್. 2009ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 14 ನಾಯಿಗಳಿದ್ದವು. ಯಜಮಾನರು ಒಂದು ತಿಂಡಿ ತೋರಿಸಿ "ತಿನ್ನಬಾರದು" ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಅವರಿಲ್ಲದಾಗ ಕೆಲವು ಸಲ ಸಂಶೋಧಕರೇ ಆ ತಿಂಡಿಯನ್ನು ನಾಯಿಗೆ ತಿನ್ನಿಸುತ್ತಿದ್ದರು, ಕೆಲವು ಸಲ ತೆಗೆದಿಡುತ್ತಿದ್ದರು. ಯಜಮಾನರಿಗೆ ಮಾತ್ರ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳುತ್ತಿದ್ದರು. ಹಾಗಾಗಿ ತಿನ್ನದ ನಾಯಿಯೂ ಬೈಸಿಕೊಂಡಿತು, ತಿಂದ ನಾಯಿಯೂ ಮುದ್ದು ಮಾಡಿಸಿಕೊಂಡಿತು.

ಕಣ್ಣು ತಪ್ಪಿಸುವುದು, ಕಿವಿ ಹಿಂದಕ್ಕೆ ಮಾಡುವುದು, ಮೂತಿ ನೆಕ್ಕಿಕೊಳ್ಳುವುದು, ಮುಂಗಾಲು ಎತ್ತುವುದು, ಬಾಲ ಕೆಳಗೆ ಇಳಿಸಿ ಬೇಗ ಬೇಗ ಅಲ್ಲಾಡಿಸುವುದು. ಇಂಥವನ್ನೆಲ್ಲ ವಿಡಿಯೋದಲ್ಲಿ ಎಣಿಸಿದರು. ತಿಂದ ನಾಯಿಗೂ ತಿನ್ನದ ನಾಯಿಗೂ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಬೈಸಿಕೊಂಡ ನಾಯಿಗೂ ಬೈಸಿಕೊಳ್ಳದ ನಾಯಿಗೂ ನಡುವೆ. ಈ ಪ್ರಯೋಗದ ಒಂದು ಫಲಿತಾಂಶ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು: ತಿನ್ನದೆ ಮಾತು ಕೇಳಿಯೂ ಬೈಸಿಕೊಂಡ ನಾಯಿಗಳೇ ಎಲ್ಲಕ್ಕಿಂತ ಜಾಸ್ತಿ "ತಪ್ಪಿತಸ್ಥ"ವಾಗಿ ಕಂಡವು.

ಹಾಗಾಗಿ ಆ ಮುಖವನ್ನು ತಪ್ಪೊಪ್ಪಿಗೆ ಎಂದು ಓದಬಾರದು. "ನೀವು ಕೋಪದಲ್ಲಿದ್ದೀರಿ, ದಯವಿಟ್ಟು ತಣ್ಣಗಾಗಿ" ಎಂದು ನಾಯಿ ಮೈಯಲ್ಲೇ ಹೇಳುವ ಮಾತು ಅದು. ನೀವಿನ್ನೂ ಬಾಯಿ ಬಿಟ್ಟಿಲ್ಲ ಅನ್ನಬಹುದು. ಬಿಡಬೇಕಾಗಿಯೂ ಇಲ್ಲ. ಬಾಗಿಲಲ್ಲಿ ನಿಮ್ಮ ಹೆಜ್ಜೆ ನಿಂತದ್ದು, ಉಸಿರು ಬಿಗಿಯಾದದ್ದು, ಹೆಗಲು ಏರಿದ್ದು ಅದಕ್ಕೆ ಸಾಕು.

ಹಾಗಾದರೆ ಹಾಸಿಗೆಯೇ ಯಾಕೆ, ಚಪ್ಪಲಿಯೇ ಯಾಕೆ?

ಸೇಡು ಅಲ್ಲದಿದ್ದರೆ ಸೋಫಾ, ಹಾಸಿಗೆ, ಚಪ್ಪಲಿ, ದಿಂಬುಗಳನ್ನೇ ಯಾಕೆ ಹುಡುಕುತ್ತದೆ? ಇವೆಲ್ಲದರಲ್ಲೂ ಸೇರಿರುವುದು ಒಂದೇ: ನಿಮ್ಮ ಮೈವಾಸನೆ.

ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಜೊತೆಗಾರರು 12 ನಾಯಿಗಳನ್ನು ಅಲುಗಾಡದೆ ಮಲಗಲು ಕಲಿಸಿ, ಎಂಆರ್‌ಐ ಯಂತ್ರದೊಳಗೆ ಬೇರೆ ಬೇರೆ ವಾಸನೆ ತೋರಿಸಿದರು. ತನ್ನದೇ ವಾಸನೆ, ಪರಿಚಯದ ನಾಯಿಯದು, ಅಪರಿಚಿತ ನಾಯಿಯದು, ಅಪರಿಚಿತ ಮನುಷ್ಯರದು, ಮನೆಯವರದು. ಒಳ್ಳೆಯದು ಸಿಗುತ್ತದೆ ಎನ್ನುವಾಗ ಚುರುಕಾಗುವ ಮೆದುಳಿನ ಭಾಗವೊಂದಿದೆ. ಅದು ಎಲ್ಲಕ್ಕಿಂತ ಹೆಚ್ಚು ಚುರುಕಾದದ್ದು ಮನೆಯವರ ವಾಸನೆಗೆ. ನೀವು ಮನೆಯಲ್ಲಿಲ್ಲದಾಗ ನಿಮ್ಮನ್ನು ಅತಿ ಹೆಚ್ಚು ಉಳಿಸಿಕೊಂಡಿರುವ ಜಾಗ ಹಾಸಿಗೆ. ಎರಡನೆಯದು ಚಪ್ಪಲಿ.

ನಮ್ಮ ಕರಿಯ ಸತತ ಮೂರನೇ ಜೊತೆ ಚಪ್ಪಲಿ ಮುಗಿಸಿದಾಗ, ಹಳೆಯ ಫೋನನ್ನು ಕಪಾಟಿನ ಮೇಲಿಟ್ಟು ವಿಡಿಯೋ ಆನ್ ಮಾಡಿ ಹೊರಟೆ. ಸಂಜೆ ನೋಡಿದೆ. ಬಾಗಿಲು ಹಾಕಿದ ಕೂಡಲೇ ಅವನು ಬಾಗಿಲ ಸಂದಿಗೆ ಮೂಗಿಟ್ಟ. ಕೊಂಯ್ ಎಂದ. ಕಿಟಕಿಗೆ ಹೋದ, ಮತ್ತೆ ಬಾಗಿಲಿಗೆ ಬಂದ. ಐದಾರು ಸಲ ಹೀಗೇ ಓಡಾಡಿದ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದ, ಅಂಥ ಸೆಕೆಯೇನೂ ಇರಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಒಂದು ಚಪ್ಪಲಿ ಕಚ್ಚಿಕೊಂಡು ಬಾಗಿಲ ಹತ್ತಿರವೇ ಮಲಗಿದ. ಮೊದಲು ಅದರ ಮೇಲೆ ಗದ್ದ ಊರಿದ. ಆಮೇಲೆ ನೆಕ್ಕಿದ. ಕಡಿಯಲು ಶುರು ಮಾಡಿದ್ದು ಅದಾದ ನಂತರ. ಕಡಿಯುತ್ತಾ ಕಡಿಯುತ್ತಾ ಅವನ ಉಸಿರು ನಿಧಾನವಾಯಿತು. ಆ ವಿಡಿಯೋ ನೋಡಿದ ಮೇಲೆ "ಬೇಕಂತಲೇ" ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ.

ಇದಕ್ಕೆ ಸೆಪರೇಶನ್ ಆಂಗ್ಸೈಟಿ ಎನ್ನುತ್ತಾರೆ. ಒಂಟಿಯಾಗಿ ಬಿಟ್ಟಾಗ ಹುಟ್ಟುವ ತಳಮಳ ಎಂದಿಟ್ಟುಕೊಳ್ಳಿ. ಬೊಗಳುವುದು, ಊಳಿಡುವುದು, ಬಾಗಿಲು ಕೆರೆಯುವುದು, ಕಡಿಯುವುದು, ಕಂಡಲ್ಲಿ ಮೂತ್ರ ಮಾಡುವುದು ಇದರ ಗುರುತುಗಳು. ಹೆಚ್ಚಾಗಿ ಮನೆಯವರು ಹೊರಟ ಸ್ವಲ್ಪ ಹೊತ್ತಿನಲ್ಲೇ ಇವು ಶುರುವಾಗುತ್ತವೆ. ಕಡಿಯುವುದು, ನೆಕ್ಕುವುದು ನಾಯಿಗೆ ಸಮಾಧಾನ ಕೊಡುವ ಕೆಲಸ. ಚಿಂತೆಯಲ್ಲಿ ಉಗುರು ಕಚ್ಚುವವರನ್ನು ನೆನಪಿಸಿಕೊಂಡರೆ ಸಾಕು. ನಾಯಿಗಳಲ್ಲಿ ಇಂಥ ತಳಮಳಗಳು ಅಪರೂಪವೂ ಅಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13,700 ನಾಯಿಗಳ ಬಗ್ಗೆ ಮಾಹಿತಿ ಕೇಳಿದ್ದರು. ಸದ್ದಿನ ಭಯ, ಅಪರಿಚಿತರ ಭಯ, ಒಂಟಿತನದ ತೊಂದರೆ, ಇಂಥ ಯಾವುದಾದರೊಂದು ಸಮಸ್ಯೆ ಇದೆ ಎಂದು ಶೇಕಡಾ 72.5ರಷ್ಟು ನಾಯಿಗಳ ಯಜಮಾನರು ಹೇಳಿದರು. ಸದ್ದಿಗೆ ಹೆದರುವವೇ ಶೇಕಡಾ 32.

ಎಲ್ಲವೂ ತಳಮಳವಲ್ಲ. ಬೇಜಾರು ಕಳೆಯಲು ಕಡಿಯುವ ನಾಯಿಗಳಿವೆ. ಹಲ್ಲು ಬರುವ ಮರಿಗಳಿವೆ. ಹೊರಗೆ ಬಿಡದೆ ಹೆಚ್ಚು ಹೊತ್ತಾಗಿ ತಡೆಯಲಾರದೆ ಹೋದವೂ ಇವೆ.

ಕಾಯಿಲೆಯನ್ನು ಮಾತ್ರ ಎಲ್ಲಕ್ಕಿಂತ ಮೊದಲು ನೋಡಬೇಕು. ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಮೂತ್ರ ಮಾಡಲು ಶುರು ಮಾಡಿದರೆ ಅದರ ಹಿಂದೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರಬಹುದು. ಸಂತಾನಹರಣ ಮಾಡಿಸಿದ ಕೆಲವು ಹೆಣ್ಣು ನಾಯಿಗಳಿಗೆ ಮಲಗಿದ್ದಾಗ ತಿಳಿಯದೆಯೇ ಮೂತ್ರ ಜಿನುಗುತ್ತದೆ. ವಯಸ್ಸಾದ ನಾಯಿಗಳಿಗೆ ಮನುಷ್ಯರ ಹಾಗೇ ಮರೆವು ಬರುತ್ತದೆ, ಎಲ್ಲಿ ಮಾಡಬೇಕು ಎನ್ನುವುದೇ ತಪ್ಪಿಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ಬಂದ ಎತ್ತಿಗೇ ಬರೆ ಬೀಳುತ್ತದೆ. ಪಶುವೈದ್ಯರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿದ ಮೇಲೆಯೇ ಉಳಿದ ಮಾತು.

ಬೈಯುವಾಗ ಕಣ್ಣೆದುರೇ ಮೂತ್ರ ಮಾಡುವ ನಾಯಿಗಳೂ ಇವೆ. ಇದನ್ನು ಉದ್ಧಟತನ ಎಂದುಕೊಳ್ಳುವವರೇ ಜಾಸ್ತಿ. ಅದು ಹೆದರಿ ಶರಣಾದ ಗುರುತು. ಇನ್ನೂ ಬೈದರೆ ಇನ್ನೂ ಮಾಡುತ್ತದೆ.

ಆದರೂ ನಾಯಿ ಅಷ್ಟು ಮುಗ್ಧವೂ ಅಲ್ಲ

ಇಲ್ಲಿಯವರೆಗೆ ಓದಿದರೆ ನಾಯಿಗೆ ಏನೂ ತಿಳಿಯುವುದಿಲ್ಲ ಅನ್ನಿಸಬಹುದು. ಹಾಗೇನಿಲ್ಲ. ನಾಯಿ ನಮ್ಮನ್ನು ಬಹಳ ಸೂಕ್ಷ್ಮವಾಗಿ ಗಮನಿಸುತ್ತದೆ.

2009ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಫ್ರೀಡೆರಿಕೆ ರಾಂಗೆ ಮತ್ತು ಜೊತೆಗಾರರು ಎರಡು ನಾಯಿಗಳನ್ನು ಪಕ್ಕಪಕ್ಕ ಕೂರಿಸಿ ಕೈ ಕೊಡಲು ಹೇಳಿದರು. ಒಂದಕ್ಕೆ ತಿಂಡಿ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದಾಗ, ಸಿಗದ ನಾಯಿ ಸ್ವಲ್ಪ ಹೊತ್ತಿನಲ್ಲೇ ಕೈ ಕೊಡುವುದನ್ನು ನಿಲ್ಲಿಸಿತು. ಒಂಟಿಯಾಗಿದ್ದು ತಿಂಡಿ ಸಿಗದಿದ್ದಾಗ ಅಷ್ಟು ಬೇಗ ನಿಲ್ಲಿಸುತ್ತಿರಲಿಲ್ಲ. ಅಂದರೆ ಪಕ್ಕದವರಿಗೆ ಸಿಕ್ಕಿ ತನಗೆ ಸಿಗದಿದ್ದದ್ದು ಅದಕ್ಕೆ ತಟ್ಟಿತು. ಆದರೆ ಒಂದಕ್ಕೆ ಸಾಸೇಜು, ಇನ್ನೊಂದಕ್ಕೆ ಬ್ರೆಡ್ಡು ಕೊಟ್ಟರೆ ತಕರಾರು ಮಾಡಲಿಲ್ಲ.

ಬೇಕಂತಲೇ ಮಾಡಿದ್ದಕ್ಕೂ ಕೈತಪ್ಪಿ ಆದದ್ದಕ್ಕೂ ಇರುವ ವ್ಯತ್ಯಾಸವೂ ನಾಯಿಗೆ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. 2021ರಲ್ಲಿ ಜರ್ಮನಿಯಲ್ಲಿ 51 ನಾಯಿಗಳಿಗೆ ಪಾರದರ್ಶಕ ಗೋಡೆಯ ಸಂದಿಯಿಂದ ತಿಂಡಿ ಕೊಡುತ್ತಿದ್ದರು. ಒಮ್ಮೆ ಕೊಡುವ ಹಾಗೆ ಮಾಡಿ ಕೈ ಹಿಂದೆಗೆದರು. ಇನ್ನೊಮ್ಮೆ ಕೈತಪ್ಪಿ ಬೀಳಿಸಿದರು. ಮತ್ತೊಮ್ಮೆ ಸಂದಿ ಮುಚ್ಚಿತ್ತು. ಮೂರರಲ್ಲೂ ತಿಂಡಿ ಗೋಡೆಯ ಆಚೆಯೇ ಉಳಿಯಿತು. ಬೀಳಿಸಿದಾಗ ಮತ್ತು ಸಂದಿ ಮುಚ್ಚಿದ್ದಾಗ ನಾಯಿಗಳು ಬೇಗ ಸುತ್ತಿಬಂದು ತಿಂದವು. ಬೇಕಂತಲೇ ಕೊಡದಿದ್ದಾಗ ಹಿಂಜರಿದು ಹೆಚ್ಚು ಹೊತ್ತು ಕಾದವು.

ಕ್ಯೋಟೋದ ಪ್ರಯೋಗ ಇನ್ನೂ ಹತ್ತಿರದ್ದು. 2015ರಲ್ಲಿ ಪ್ರಕಟವಾದ ಇದರಲ್ಲಿ 54 ನಾಯಿಗಳು ತಮ್ಮ ಯಜಮಾನರು ಡಬ್ಬಿ ತೆಗೆಯಲು ಒದ್ದಾಡುವುದನ್ನು ನೋಡಿದವು. ಒಂದು ಗುಂಪಿನ ನಾಯಿಗಳ ಎದುರು ಪಕ್ಕದಲ್ಲಿದ್ದವರು ಸಹಾಯ ಮಾಡಿದರು. ಇನ್ನೊಂದರಲ್ಲಿ ಕೇಳಿದರೂ ಮುಖ ತಿರುಗಿಸಿದರು. ಆಮೇಲೆ ಮುಖ ತಿರುಗಿಸಿದವರೂ, ಇದಕ್ಕೆಲ್ಲ ಸಂಬಂಧವೇ ಇಲ್ಲದ ಇನ್ನೊಬ್ಬರೂ ಒಟ್ಟಿಗೆ ತಿಂಡಿ ಹಿಡಿದಾಗ, ನಾಯಿಗಳು ಸಂಬಂಧವಿಲ್ಲದವರ ಕಡೆಗೇ ಹೆಚ್ಚು ಹೋದವು.

ಇದು ಹಗೆಯ ಮೊಳಕೆಯೇ? ಇಲ್ಲಿ ನಾಯಿ ಮಾಡಿದ್ದು ಅವರಿಂದ ದೂರ ಉಳಿದದ್ದು ಮಾತ್ರ. ಅವರಿಗೆ ತೊಂದರೆ ಮಾಡಲು ಹೋಗಲಿಲ್ಲ. ಲೆಕ್ಕ ತೀರಿಸುವ ಅವಕಾಶವನ್ನೇ ಕೊಟ್ಟು ನೋಡಿದ ಪ್ರಯೋಗವೂ ಇದೆ. 2021ರಲ್ಲಿ ವಿಯೆನ್ನಾದಲ್ಲೇ ನಡೆದದ್ದು. ಒಬ್ಬರು ಗುಂಡಿ ಒತ್ತಿ ನಾಯಿಗೆ ಆಹಾರ ಕೊಡುತ್ತಿದ್ದರು, ಇನ್ನೊಬ್ಬರು ಒತ್ತುತ್ತಲೇ ಇರಲಿಲ್ಲ. ಆಮೇಲೆ ಗುಂಡಿ ನಾಯಿಯ ಕಡೆಗೆ ಬಂತು. ಈಗ ಅದು ಒತ್ತಿದರೆ ಮನುಷ್ಯರಿಗೆ ತಿಂಡಿ. ಕೊಟ್ಟವರಿಗೆ ಜಾಸ್ತಿ ಒತ್ತಿ, ಕೊಡದವರಿಗೆ ಒತ್ತದೆ ಕೂರಬಹುದಿತ್ತಲ್ವಾ? ನಾಯಿಗಳು ಅಂಥ ಭೇದವನ್ನೇ ತೋರಿಸಲಿಲ್ಲ.

ಈ ಎಲ್ಲ ಅಧ್ಯಯನಗಳ ಹಿಂದೆ ಒಂದು ಹಳೆಯ ನಿಯಮವಿದೆ. ಬ್ರಿಟನ್ನಿನ ಲಾಯ್ಡ್ ಮಾರ್ಗನ್ 1894ರಲ್ಲಿ ಹೇಳಿದ್ದು: ಪ್ರಾಣಿಯ ನಡವಳಿಕೆಗೆ ಸರಳವಾದ ಕಾರಣ ಸಾಕಾಗುವುದಾದರೆ ದೊಡ್ಡ ಯೋಚನೆಯನ್ನು ಅದರ ತಲೆಗೆ ಕಟ್ಟಬೇಡಿ. ಅವರಿಗೂ ಟೋನಿ ಎಂಬ ಒಂದು ನಾಯಿಯಿತ್ತು. ಗೇಟಿನ ಚಿಲಕವನ್ನು ತಲೆಯಿಂದ ಎತ್ತಿ ಹೊರಗೆ ಹೋಗುತ್ತಿತ್ತು. ನೋಡಿದವರು ಎಂಥಾ ಬುದ್ಧಿ ಎನ್ನುತ್ತಿದ್ದರು. ಅದು ಕಲಿತದ್ದನ್ನು ಮೊದಲಿನಿಂದ ನೋಡಿದ್ದ ಮಾರ್ಗನ್‌ಗೆ ಮಾತ್ರ ಗೊತ್ತಿತ್ತು: ಕಂಬಿಗಳ ನಡುವೆ ತಲೆ ತೂರಿಸಿ ರಸ್ತೆ ನೋಡುತ್ತಿದ್ದಾಗ ಒಂದು ದಿನ ಅಕಸ್ಮಾತ್ ಚಿಲಕ ಎದ್ದಿತ್ತು.

ತಪ್ಪಾಗಿ ಓದಿದರೆ ಏನಾಗುತ್ತದೆ

ಬೆಳಿಗ್ಗೆ ಹತ್ತಕ್ಕೆ ಕಡಿದ ಚಪ್ಪಲಿಗೆ ಸಂಜೆ ಆರಕ್ಕೆ ಏಟು ಬಿದ್ದರೆ, ನಾಯಿ ಆ ಏಟನ್ನು ಚಪ್ಪಲಿಗೆ ಜೋಡಿಸುವುದಿಲ್ಲ. ಏಟು ಬೀಳುವ ಮುಂಚಿನ ಕ್ಷಣದಲ್ಲಿ ಏನಿತ್ತೋ ಅದಕ್ಕೆ ಜೋಡಿಸುತ್ತದೆ. ಆ ಕ್ಷಣದಲ್ಲಿ ಇದ್ದದ್ದು ನೀವು, ಬಾಗಿಲು ತೆಗೆದು ಒಳಗೆ ಬಂದ ನೀವು. ಮರುದಿನದಿಂದ ಅದು ನಿಮ್ಮ ಬರವಿಗೂ ಹೆದರುತ್ತದೆ, ನೀವು ಹೋಗುವುದಕ್ಕೂ ಹೆದರುತ್ತದೆ. ತಳಮಳ ಇನ್ನೂ ಹೆಚ್ಚಾಗುತ್ತದೆ. ಇನ್ನಷ್ಟು ಚಪ್ಪಲಿ ಹೋಗುತ್ತದೆ. "ಹೊಡೆದರೂ ಬುದ್ಧಿ ಬಂದಿಲ್ಲ, ಎಂಥಾ ಹಠ" ಎಂದು ನಾವು ಅಂದುಕೊಳ್ಳುತ್ತೇವೆ.

ಪೋರ್ಚುಗಲ್‌ನ ಪೋರ್ಟೊದಲ್ಲಿ 92 ನಾಯಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಬೇರೆ ಕಡೆಯಿಂದ ತೋರಿಸಿತು. ಗದರಿಸಿ, ಬೆಲ್ಟ್ ಜಗ್ಗಿ ಕಲಿಸುವ ಟ್ರೇನಿಂಗ್ ಶಾಲೆಗಳ ನಾಯಿಗಳಲ್ಲಿ, ತಿಂಡಿ ಕೊಟ್ಟು ಕಲಿಸುವ ಶಾಲೆಗಳ ನಾಯಿಗಳಿಗಿಂತ ಒತ್ತಡದ ಗುರುತುಗಳು ಹೆಚ್ಚಿದ್ದವು. ಒತ್ತಡದಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನು ಅವುಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಹೆಚ್ಚಾಗಿ ಕಂಡಿತು.

ಗುರುಗುಟ್ಟಿದ್ದಕ್ಕೆ ಹೊಡೆಯುವುದು ಇದಕ್ಕಿಂತ ಅಪಾಯ. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಭಯ ಹಾಗೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ಆ ನಾಯಿ ಸದ್ದಿಲ್ಲದೆ ಕಚ್ಚಬಹುದು.

ಒಬ್ಬರ ಮೇಲಿನ ಭಯ ಕಳೆಯುವ ಬಗೆ

ಒಂಟಿತನದ ತಳಮಳಕ್ಕೆ ದಾರಿ ಚಿಕ್ಕ ಹೆಜ್ಜೆಗಳದ್ದು. ಬೀಗದ ಕೈ ಎತ್ತಿಕೊಂಡು ಹೊರಗೆ ಹೋಗದೆ ಕೂರುವುದು. ಬಾಗಿಲಾಚೆ ಅರ್ಧ ನಿಮಿಷ ನಿಂತು ಬರುವುದು, ನಾಯಿ ಹೆದರದಿದ್ದರೆ ಒಂದು ನಿಮಿಷ, ಆಮೇಲೆ ಐದು. ಜಾಸ್ತಿ ತೀವ್ರವಾಗಿದ್ದರೆ ಪಶುವೈದ್ಯರು ಔಷಧಿಯನ್ನೂ ಕೊಡುತ್ತಾರೆ. ಚಪ್ಪಲಿಯನ್ನು ಕಪಾಟಿನೊಳಗೆ ಇಡುವುದು ಆ ದಿನದಿಂದಲೇ ಮಾಡಬಹುದಾದ ಕೆಲಸ.

ಒಬ್ಬ ಮನುಷ್ಯರ ಮೇಲೆ ಭಯ ಕೂತಿದ್ದರೆ ಕೆಲಸ ಸ್ವಲ್ಪ ಬೇರೆ. ಅವರಿದ್ದಾಗ ನಾಯಿಗೆ ಒಳ್ಳೆಯದೇ ಆಗಬೇಕು, ಅದೂ ಅದಕ್ಕೆ ಹೆದರಿಕೆಯಾಗದಷ್ಟು ದೂರದಲ್ಲಿ. ನಾಯಿಯನ್ನು ಎಳೆದು ಅವರ ಹತ್ತಿರ ತರಬಾರದು. ಮುಟ್ಟಿಸಬಾರದು. ಅವರು ದಿಟ್ಟಿಸಿ ನೋಡಬಾರದು, ಮೇಲಿಂದ ಬಗ್ಗಬಾರದು. ಎಷ್ಟು ಹತ್ತಿರ ಬರಬೇಕು ಎನ್ನುವುದನ್ನು ನಾಯಿಯೇ ತೀರ್ಮಾನಿಸಬೇಕು.

ನನ್ನ ಭಾವ ಒಮ್ಮೆ ಕರೆಂಟು ಹೋದಾಗ ಕತ್ತಲಲ್ಲಿ ಕರಿಯನ ಮುಂಗಾಲು ತುಳಿದಿದ್ದರು. ಅಂದಿನಿಂದ ಅವರು ಬಂದರೆ ಅವನು ಮಂಚದ ಕೆಳಗೆ ಸೇರಿ ಗುರುಗುಟ್ಟುತ್ತಿದ್ದ. "ಇವನಿಗೆ ನನ್ನ ಮೇಲೆ ದ್ವೇಷ" ಎಂದು ಭಾವ ನೊಂದುಕೊಂಡೇ ಹೇಳುತ್ತಿದ್ದರು. ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಬಂದ ಕೂಡಲೇ ಅವರು ಕರಿಯನನ್ನು ಮಾತಾಡಿಸದೆ, ನೋಡದೆ, ಮಂಚಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂರುವುದು. ನನ್ನ ಜೊತೆ ಮಾತಾಡುತ್ತಾ ನಡುನಡುವೆ ಒಂದೊಂದು ಬಿಸ್ಕೆಟ್ ಚೂರನ್ನು ಹಿಂದಕ್ಕೆ ಉರುಳಿಸುವುದು. ಮೊದಲ ಎರಡು ಸಲ ಅವರು ಹೋದ ಮೇಲೆಯೇ ಚೂರುಗಳು ಖಾಲಿಯಾದವು. ಮೂರನೇ ಸಲ ಮಂಚದ ಕೆಳಗಿನಿಂದ ಮೂತಿ ಮಾತ್ರ ಹೊರಗೆ ಬಂತು.

ಆರನೆಯ ಸಲ ಇರಬೇಕು. ಭಾವ ಏನೋ ಹೇಳುತ್ತಿದ್ದರು. ಕರಿಯ ಹೊರಗೆ ಬಂದ. ಹಿಂಗಾಲುಗಳನ್ನು ಅಲ್ಲೇ ಬಿಟ್ಟು, ಮೈ ಉದ್ದ ಮಾಡಿ, ಕುತ್ತಿಗೆ ಚಾಚಿ, ಅವರ ಪಾದ ಮೂಸಿದ. ಬಹಳ ಹೊತ್ತು ಮೂಸಿದ. ಭಾವ ಮಾತು ನಿಲ್ಲಿಸಲಿಲ್ಲ, ಕಾಲು ಅಲುಗಾಡಿಸಲೂ ಇಲ್ಲ. ಕೈಯನ್ನು ಮಾತ್ರ ಮೆಲ್ಲಗೆ ನೆಲಕ್ಕಿಳಿಸಿ, ಅಂಗೈ ಮೇಲೆ ಮಾಡಿ ಇಟ್ಟರು.